ಅರ್ಧ ಅಡಿಯ ಕೆಳಗೆ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ (ಕೆ.ಆರ್. ಪೇಟೆ) ತಾಲ್ಲೂಕಿನ ಯಾವ ಊರಿನ ಪಹಣಿಯನ್ನಾದರೂ ತೆಗೆದು ನೋಡಿ. ಸರ್ವೆ ನಂಬರು, ಹಿಸ್ಸೆ, ವಿಸ್ತೀರ್ಣ, ಕಂದಾಯಗಳ ಸಾಲಿನಲ್ಲೇ ‘ಮಣ್ಣಿನ ನಮೂನೆ’ ಎಂಬ ಒಂದು ಕಾಲಂ ಇರುತ್ತದೆ. ಸಾಲ ಕೊಡುವವರು ಅದನ್ನು ನೋಡುವುದಿಲ್ಲ, ಜಮೀನು ಕೊಳ್ಳುವವರೂ ಕೇಳುವುದಿಲ್ಲ. ಹಕ್ಕು ಯಾರದು, ಋಣ ಎಷ್ಟಿದೆ ಎಂಬುದರ ಮೇಲೇ ಎಲ್ಲರ ಕಣ್ಣು. ಆದರೆ ಆ ಕಾಲಂ ಮತ್ತು ಖುಷ್ಕಿ, ತರಿ, ಬಾಗಾಯ್ತು ಎಂಬ ವಿಂಗಡಣೆಯ ಹಿಂದೆ ಒಂದು ದೊಡ್ಡ ಕೆಲಸ ಇದೆ. ಹೊಲ ಹೊಲವನ್ನೂ ಅಗೆದು, ಮಣ್ಣು ಎಷ್ಟು ಆಳ ಇದೆ, ಅದರಲ್ಲಿ ಏನು ಕೊರತೆ ಇದೆ ಎಂದು ನೋಡಿ ಬರೆದಿಟ್ಟ ಕೆಲಸ ಅದು.

ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಕಂದಾಯ ಸರ್ವೆ ಶುರುವಾದಾಗ ಬೊಂಬಾಯಿ ಪ್ರಾಂತ್ಯದ ಪದ್ಧತಿಯನ್ನು ಅನುಸರಿಸಿದರು. ಆ ಪದ್ಧತಿಯ ನಿಯಮಗಳು 1847ರ ಹೊತ್ತಿಗೆ ಒಂದು ರೂಪಕ್ಕೆ ಬಂದಿದ್ದವು. ಸರ್ವೆಯವರು ಹೊಲವನ್ನು ಭಾಗ ಮಾಡಿಕೊಂಡು, ಒಂದೊಂದು ಭಾಗದಲ್ಲೂ ಅಗೆದು, ಮಣ್ಣಿನ ಆಳವನ್ನು ಮೊಳದಲ್ಲಿ ಅಳೆಯಬೇಕು. ಒಂದೂಮುಕ್ಕಾಲು ಮೊಳ ಒಳ್ಳೆಯ ಮಣ್ಣು ಸಿಕ್ಕಿದರೆ ಅದು ಹದಿನಾರಾಣೆಯ ನೆಲ. ಆಳ ಕಡಿಮೆಯಾದಂತೆ ಆಣೆಯೂ ಇಳಿಯುತ್ತದೆ. ಅದರ ಮೇಲೆ ದೋಷಗಳ ಪಟ್ಟಿ ಬೇರೆ: ಸುಣ್ಣದ ಹರಳು ಬೆರೆತಿದ್ದರೆ, ಮರಳು ಹೆಚ್ಚಿದ್ದರೆ, ಇಳಿಜಾರಿದ್ದರೆ, ನೀರು ಒಳಗಿಳಿಯದಿದ್ದರೆ, ಜೌಗು ಇದ್ದರೆ, ಒಂದೊಂದು ದೋಷಕ್ಕೂ ನೆಲದ ದರ್ಜೆ ಇನ್ನಷ್ಟು ಕೆಳಗೆ. ಮೈಲಿಗೆ ಎಂಟು ಅಂಗುಲದ ಗ್ರಾಮ ನಕಾಶೆಗಳೂ ಇದೇ ಸರ್ವೆಯ ಕಾಲದವು. ಅದಕ್ಕೂ ಮೊದಲು, ಟಿಪ್ಪು ಸುಲ್ತಾನ ಸತ್ತ ಮರುವರ್ಷ, 1800ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಇಲ್ಲಿನ ರೈತರು ಎರೆ, ಕೆಬ್ಬೆ ಎಂದೆಲ್ಲ ನೆಲವನ್ನು ಹೇಗೆ ಹೆಸರಿಟ್ಟು ಗುರುತಿಸುತ್ತಾರೆ ಎಂಬುದನ್ನು ಕೇಳಿ ಬರೆದುಕೊಂಡಿದ್ದ. ಅವನಿಗೂ ಸರ್ವೆಯವರಿಗೂ ಬೇಕಿದ್ದದ್ದು ಒಂದೇ: ಈ ನೆಲದಿಂದ ಸರ್ಕಾರಕ್ಕೆ ಎಷ್ಟು ಹುಟ್ಟುತ್ತದೆ ಎಂಬ ಅಂದಾಜು.

ಉದ್ದೇಶ ತೆರಿಗೆಯದಾದರೂ ಅವರು ಅಳೆದದ್ದು ಬೇರೆಯೇ ಒಂದನ್ನು. ಆಳ, ಮರಳು, ಹರಳು, ಇಳಿಜಾರು ಇವನ್ನೆಲ್ಲ ಸೇರಿಸಿ ನೋಡಿದರೆ ಬರುವ ಉತ್ತರ: ಒಂದು ಮಳೆಗೂ ಇನ್ನೊಂದು ಮಳೆಗೂ ನಡುವೆ ಈ ನೆಲ ಬೆಳೆಗೆ ಎಷ್ಟು ನೀರನ್ನು ಕಾಪಿಡಬಲ್ಲದು ಎಂಬುದು. ಮಣ್ಣಿನ ವಿಜ್ಞಾನ ಇಂದಿಗೂ ಹೆಚ್ಚು ಶ್ರಮಪಟ್ಟು ನಕಾಶೆ ಮಾಡುತ್ತಿರುವುದು ಇದನ್ನೇ.

ಹಳೇ ಮೈಸೂರಿನ ಕೆಂಪುನೆಲದ ಊರುಗಳಲ್ಲಿ ರಾಗಿಯನ್ನು ನೆಲದಡಿಯ ಹಗೇವಿನಲ್ಲಿ ತುಂಬಿಡುತ್ತಿದ್ದರು. ಬಾಯಿ ಚಿಕ್ಕದು, ಒಳಗೆ ಹರವು. ಎಷ್ಟು ರಾಗಿ ಹಿಡಿಯುತ್ತದೆ ಎಂಬುದು ಮೇಲೆ ನಿಂತು ನೋಡಿದವರಿಗೆ ತಿಳಿಯುವುದಿಲ್ಲ, ಇಳಿದು ನೋಡಬೇಕು. ಹೊಲವೂ ನೀರಿನ ಹಗೇವು. ಮಳೆ ಬಿದ್ದಾಗ ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬುತ್ತವೆ. ದೊಡ್ಡ ಸಂದುಗಳ ನೀರು ಎರಡು ಮೂರು ದಿನದಲ್ಲಿ ತನ್ನ ಭಾರಕ್ಕೆ ತಾನೇ ಕೆಳಗೆ ಬಸಿದುಹೋಗುತ್ತದೆ. ಬಸಿದ ಮೇಲೂ ಕಣಗಳಿಗೆ ಅಂಟಿಕೊಂಡು ಉಳಿಯುವ ನೀರಿನ ಮಟ್ಟಕ್ಕೆ ಕ್ಷೇತ್ರ ಸಾಮರ್ಥ್ಯ ಎಂದು ಹೆಸರು. ಅಲ್ಲಿಂದ ಬೇರು ಹೀರತೊಡಗುತ್ತದೆ. ಮೊದಲು ಸುಲಭವಾಗಿ ಸಿಗುತ್ತದೆ, ಆಮೇಲೆ ಪ್ರಯಾಸದಿಂದ. ಕೊನೆಗೆ ಮಣ್ಣಿನಲ್ಲಿ ನೀರು ಇದ್ದರೂ ಅದನ್ನು ಎಳೆದುಕೊಳ್ಳುವ ಶಕ್ತಿ ಬೇರಿಗೆ ಇರುವುದಿಲ್ಲ. ಹಗಲು ಬಾಡಿದ ಗಿಡ ರಾತ್ರಿ ಕಳೆದರೂ ತಲೆ ಎತ್ತುವುದಿಲ್ಲ. ಅದು ಬಾಡುವ ಬಿಂದು. ಈ ಎರಡು ಗುರುತುಗಳ ನಡುವಿನ ನೀರೇ ಬೆಳೆಯ ಪಾಲಿನದು.

ಬಾಡುವ ಬಿಂದುವನ್ನು ಗಟ್ಟಿಯಾಗಿ ಹಿಡಿದವರು ಅಮೆರಿಕದ ಬ್ರಿಗ್ಸ್ ಮತ್ತು ಶಾಂಟ್ಜ್. 1912ರಲ್ಲಿ ಪ್ರಕಟವಾದ ಅವರ ಕೆಲಸ ಹೇಳಿದ ಮುಖ್ಯ ಮಾತು ಇದು: ಬರ ತಾಳುವ ಗಿಡವಾಗಲಿ, ತಾಳದ ಗಿಡವಾಗಲಿ, ಒಂದೇ ಮಣ್ಣಿನಲ್ಲಿ ಬೆಳೆಸಿದರೆ ಹೆಚ್ಚುಕಡಿಮೆ ಒಂದೇ ತೇವಾಂಶದಲ್ಲಿ ಬಾಡುತ್ತವೆ. ಅಂದರೆ ಬಾಡುವ ಬಿಂದುವನ್ನು ನಿರ್ಧರಿಸುವುದರಲ್ಲಿ ಗಿಡಕ್ಕಿಂತ ಮಣ್ಣಿನ ಕೈ ಮೇಲು. ಇವತ್ತು ಪ್ರಯೋಗಾಲಯದಲ್ಲಿ ಒತ್ತಡದ ತಟ್ಟೆಯ ಮೇಲೆ ಮಣ್ಣನ್ನಿಟ್ಟು ಸುಮಾರು 15 ಬಾರ್ ಒತ್ತಡ ಕೊಟ್ಟು ಈ ಬಿಂದುವನ್ನು ಕಾಣುತ್ತಾರೆ. 15 ಬಾರ್ ಎಂದರೆ 150 ಮೀಟರ್ ಎತ್ತರದ ನೀರಿನ ಕಂಬದ ಒತ್ತಡ. ಕನ್ನಂಬಾಡಿ ಕಟ್ಟೆ ತುಂಬಿದಾಗಿನ 124.8 ಅಡಿ ನೀರಿನ ನಾಲ್ಕು ಪಟ್ಟು. ಒಂದು ರಾಗಿ ಪೈರಿನ ಬೇರು ಅಷ್ಟು ಬಲವಾಗಿ ಎಳೆಯಬಲ್ಲದು ಎಂಬುದು ನನಗೆ ಓದಿದಾಗಲೆಲ್ಲ ಬೆರಗು ಹುಟ್ಟಿಸುವ ಸಂಗತಿ.

ಮರಳು ಮಣ್ಣಿನಲ್ಲಿ ಸಂದುಗಳು ದೊಡ್ಡವು, ಬಂದ ನೀರು ಬಸಿದುಹೋಗುತ್ತದೆ. ಒಂದು ಮೀಟರ್ ಆಳಕ್ಕೆ 50ರಿಂದ 80 ಮಿಲಿಮೀಟರ್ ಉಳಿದರೆ ಹೆಚ್ಚು. ಜೇಡಿ, ಮರಳು, ಹೂಳು ಮೂರೂ ಹದವಾಗಿ ಬೆರೆತ ಗೋಡು ಮಣ್ಣಿನಲ್ಲಿ 150ರ ಆಸುಪಾಸು. ಅಪ್ಪಟ ಜೇಡಿಯಲ್ಲಿ ಒಟ್ಟು ನೀರು ಇನ್ನೂ ಹೆಚ್ಚಿದ್ದರೂ, ಅದರಲ್ಲೊಂದು ದೊಡ್ಡ ಪಾಲು ಬೇರಿನ ಎಳೆತಕ್ಕೆ ಸಿಗದಷ್ಟು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಮಣ್ಣಿನ ಸರ್ವೆಯವರು ಮೀಟರಿಗೆ 50 ಮಿ.ಮೀ.ಗಿಂತ ಕಡಿಮೆ ಇದ್ದರೆ ಅತಿ ಕಡಿಮೆ, 100ರವರೆಗೆ ಕಡಿಮೆ, 150ರವರೆಗೆ ಮಧ್ಯಮ, 200ರವರೆಗೆ ಹೆಚ್ಚು ಎಂದು ಬಣ್ಣ ಕೊಟ್ಟು ನಕಾಶೆ ಬರೆಯುತ್ತಾರೆ.

ಈಗ ಇದನ್ನು ಹೊಲದ ಮೇಲಿಟ್ಟು ನೋಡೋಣ. ದಿಣ್ಣೆಯ ಮೇಲಿನ ಒಂದು ರಾಗಿ ಹೊಲ. ಅರ್ಧ ಮೀಟರ್ ಮಣ್ಣು, ಅದರಲ್ಲಿ ನೂರಕ್ಕೆ ಮೂವತ್ತು ಪಾಲು ಕಲ್ಲುಹರಳು. ನುಣ್ಣನೆಯ ಮಣ್ಣು ಮೀಟರಿಗೆ 120 ಮಿ.ಮೀ. ಹಿಡಿಯುತ್ತದೆ ಎಂದಿಟ್ಟುಕೊಂಡರೆ ಅರ್ಧ ಮೀಟರಿಗೆ 60. ಕಲ್ಲು ನೀರು ಹಿಡಿಯುವುದಿಲ್ಲ, ಆದ್ದರಿಂದ ಅದರ ಪಾಲು ಕಳೆದರೆ 42. ಕಾವು ಏರಿದ ದಿನಗಳಲ್ಲಿ ಬೆಳೆದು ನಿಂತ ಪೈರು ದಿನಕ್ಕೆ 5 ಮಿ.ಮೀ. ಖರ್ಚು ಮಾಡುತ್ತದೆ. ಅಂದರೆ ಒಂದು ಭರ್ತಿ ಮಳೆಯ ನಂತರ ಎಂಟು ದಿನ. ಅರ್ಧ ಖಾಲಿಯಾಗುವ ಹೊತ್ತಿಗೇ ಪೈರು ಸಂಕಟಪಡಲು ಶುರುಮಾಡುವುದರಿಂದ ನಿಜವಾದ ನಿಶ್ಚಿಂತೆ ನಾಲ್ಕೈದು ದಿನದ್ದು. ಅದೇ ಇಳಿಜಾರಿನ ಕೆಳಗೆ, ಒಂದು ಮೀಟರ್ ಆಳದ, ಕಲ್ಲಿಲ್ಲದ, ಮೀಟರಿಗೆ 150 ಮಿ.ಮೀ. ಹಿಡಿಯುವ ಹೊಲದಲ್ಲಿ ಮೂವತ್ತು ದಿನದ ದಾಸ್ತಾನು ಇರುತ್ತದೆ. ಎರಡೂ ಹೊಲಕ್ಕೆ ಬಿದ್ದದ್ದು ಒಂದೇ ಮಳೆ, ಬಿತ್ತಿದ್ದು ಒಂದೇ ಬೀಜ. ಎಕರೆಗೆ ಒಂದು ಮಿ.ಮೀ. ಎಂದರೆ ಸುಮಾರು 4,000 ಲೀಟರ್. ಎರಡು ಹೊಲಗಳ ನಡುವಿನ 108 ಮಿ.ಮೀ. ಅಂತರ ಎಕರೆಗೆ ನಾಲ್ಕು ಲಕ್ಷ ಲೀಟರಿಗೂ ಮಿಗಿಲು.

ಮಂಡ್ಯ ಜಿಲ್ಲೆಗೆ ವರ್ಷಕ್ಕೆ ಬೀಳುವುದು ಸುಮಾರು 700 ಮಿ.ಮೀ. ಮಳೆ. ಮೇ ತಿಂಗಳಲ್ಲೊಮ್ಮೆ ಏರುತ್ತದೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ. ನಡುವಿನ ಜೂನ್, ಜುಲೈಗಳಲ್ಲಿ ಮಲೆನಾಡು ತೊಯ್ದು ತೊಪ್ಪೆಯಾಗುವಾಗ ಇಲ್ಲಿ ಮೋಡ ಮುಸುಕಿ ಗಾಳಿ ಬೀಸುತ್ತದೆ, ತುಂತುರು ಉದುರುತ್ತದೆ. ಅಂಥ ಊರಿಗೆ ಒಟ್ಟು ಮಳೆಯ ಲೆಕ್ಕಕ್ಕಿಂತ ಮಳೆಯ ನಡುವಿನ ಬಿಡುವಿನ ಲೆಕ್ಕ ಮುಖ್ಯ. ಆ ಬಿಡುವನ್ನು ದಾಟಿಸುವುದು ಮಣ್ಣಿನ ಆಳ.

ಆಳ ಎಲ್ಲಿ ಎಷ್ಟಿದೆ ಎಂಬುದು ಮನಬಂದಂತೆ ಇರುವುದಿಲ್ಲ. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರಗಳ ಬಹುಪಾಲು ನೆಲದ ಅಡಿಯಲ್ಲಿರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಬಂಡೆ. ಅದು ಕಾಲಾಂತರದಲ್ಲಿ ಕೊಳೆತು ಗರಸಾಗಿ, ಗರಸು ಮಣ್ಣಾಗಿ, ಮಣ್ಣಿನ ಕಬ್ಬಿಣ ತುಕ್ಕಾಗಿ ಕೆಂಪಾಯಿತು. ಮಳೆ ದಿಣ್ಣೆಯ ಮೇಲಿನ ನುಣ್ಣನೆಯ ಕಣಗಳನ್ನು ಕೆಳಗೆ ಒಯ್ದಿತು. ಹಾಗಾಗಿ ನೆತ್ತಿಯಲ್ಲಿ ಹರಳು ತುಂಬಿದ ತೆಳುಮಣ್ಣು, ಇಳಿಜಾರಿನ ಮಧ್ಯದಲ್ಲಿ ಆಳವಾದ ಕೆಮ್ಮಣ್ಣು, ತಗ್ಗಿನಲ್ಲಿ ಕಪ್ಪುಛಾಯೆಯ ಜೇಡಿ. ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡುತ್ತಿದ್ದ ಜೆಫ್ರಿ ಮಿಲ್ನ್ 1930ರ ದಶಕದಲ್ಲಿ ಇಂಥದ್ದೇ ಸಾಲನ್ನು ಅಲ್ಲಿನ ಗುಡ್ಡಗಳಲ್ಲಿ ಗುರುತಿಸಿ, ಮಣ್ಣನ್ನು ಒಂದೊಂದು ಬಿಂದುವಾಗಿ ನೋಡದೆ ದಿಣ್ಣೆಯಿಂದ ತಗ್ಗಿನವರೆಗಿನ ಸರಣಿಯಾಗಿ ನೋಡಬೇಕೆಂದು ತೋರಿಸಿದರು. ನಮ್ಮ ಊರುಗಳ ಬೆಳೆಯೇ ಆ ಸರಣಿಯನ್ನು ಹೇಳುತ್ತದೆ: ಗರಸಿನ ಮೇಲೆ ಹುರುಳಿ, ಅದರ ಕೆಳಗೆ ರಾಗಿ, ಇನ್ನೂ ಕೆಳಗೆ ತೆಂಗು, ಕೆರೆಯ ಹಿಂದೆ ಭತ್ತದ ಗದ್ದೆ. ಕೆರೆಗಳನ್ನು ಕಟ್ಟಿದವರು ಈ ಸರಣಿಯನ್ನು ಸರಿಯಾಗಿ ಓದಿದ್ದರು.

ನಕಾಶೆ ಮಾಡುವ ಈಗಿನವರು ಕೂಡ ಅದನ್ನು ಓದುವುದು ಗುಂಡಿ ತೋಡಿಯೇ. ಎರಡು ಮೀಟರ್ ಅಥವಾ ಬಂಡೆ ಸಿಗುವವರೆಗೆ ಅಗೆದು, ಬಿಸಿಲು ಬೀಳುವ ಒಂದು ಗೋಡೆಯನ್ನು ಚಾಕುವಿನಿಂದ ಕೆರೆದು ಹಸನು ಮಾಡುತ್ತಾರೆ. ಮೇಲಿನ ಐದಾರು ಅಂಗುಲ ನೇಗಿಲು ಮಗುಚಿದ ಪದರ, ತಿಳಿಗೆಂಪು, ಸಡಿಲ. ಅದರ ಕೆಳಗೆ ಚಾಕು ಇಳಿಯಲು ಹೆಣಗುತ್ತದೆ. ಮೇಲಿನಿಂದ ತೊಳೆದು ಬಂದ ಜೇಡಿ ಅಲ್ಲಿ ಸೇರಿಕೊಂಡು, ಹೆಂಟೆಗಳ ಮೈಮೇಲೆ ಮಿರುಗುವ ತೆಳುಪೊರೆಯಾಗಿ ಕೂತಿರುತ್ತದೆ. ಬಣ್ಣದ ಚಿಪ್ಪುಗಳನ್ನು ಅಂಟಿಸಿದ ಮನ್ಸೆಲ್ ಪುಸ್ತಕವನ್ನು ಹೆಂಟೆಯ ಪಕ್ಕ ಹಿಡಿದು, ಹೊಂದುವ ಚಿಪ್ಪಿನ ಸಂಖ್ಯೆ ಬರೆದುಕೊಳ್ಳುತ್ತಾರೆ. ಒಂದು ಹಿಡಿ ಮಣ್ಣನ್ನು ನೀರು ಹಾಕಿ ನಾದಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ಪಟ್ಟಿಯಾಗಿ ನೂಕುತ್ತಾರೆ. ಪಟ್ಟಿ ಒಂದಂಗುಲ ಬರುವ ಮೊದಲೇ ಮುರಿದು ಬಿದ್ದರೆ ಗೋಡು, ಎರಡಂಗುಲದವರೆಗೆ ಬಂದರೆ ಜೇಡಿಗೋಡು, ಅದನ್ನೂ ದಾಟಿ ಉದ್ದಕ್ಕೆ ಬಂದರೆ ಜೇಡಿ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಹಾಕುತ್ತಾರೆ. ನೊರೆ ಉಕ್ಕಿದರೆ ಸುಣ್ಣ ಇದೆ. ಹರಳಿನ ಪಾಲು ಕಣ್ಣಳತೆಯಲ್ಲಿ. ಬೇರು ಎಲ್ಲಿಯವರೆಗೆ ಇಳಿದಿದೆ, ಎಲ್ಲಿ ಅಡ್ಡಕ್ಕೆ ತಿರುಗಿದೆ ಎಂಬುದನ್ನೂ ಬರೆಯುತ್ತಾರೆ. ಕೊನೆಯದ್ದನ್ನು ಯಂತ್ರಗಳು ಇಷ್ಟು ನೇರವಾಗಿ ಹೇಳಲಾರವು.

ಇನ್ನು ಪೋಷಕಾಂಶಗಳ ಕಥೆ. ಮಣ್ಣಿನಲ್ಲಿ ರಂಜಕ ಎಷ್ಟಿದೆ ಎಂದು ಕೇಳಿದರೆ ಉತ್ತರ ನೂರಾರು ಕಿಲೋಗಳಲ್ಲಿ ಬರುತ್ತದೆ. ಅದರಲ್ಲಿ ಬಹುಪಾಲು ಕಬ್ಬಿಣ, ಅಲ್ಯೂಮಿನಿಯಂ, ಸುಣ್ಣಗಳ ಜೊತೆ ಗಂಟುಬಿದ್ದು ಬೇರಿಗೆ ದಕ್ಕದೆ ಕೂತಿರುತ್ತದೆ. ಆದ್ದರಿಂದ ಪ್ರಯೋಗಾಲಯದವರು ಎಲ್ಲವನ್ನೂ ಕರಗಿಸುವ ಆಮ್ಲದ ಬದಲು, ಬೇರು ತೆಗೆದುಕೊಳ್ಳಬಹುದಾದಷ್ಟನ್ನೇ ಬಿಡಿಸುವ ಮೃದು ದ್ರಾವಣಗಳನ್ನು ಹುಡುಕಿದರು. ಕ್ಷಾರದ ಮಣ್ಣಿನ ರಂಜಕಕ್ಕೆ ಓಲ್ಸೆನ್ ಎಂಬ ವಿಜ್ಞಾನಿ 1954ರಲ್ಲಿ ಸೋಡಿಯಂ ಬೈಕಾರ್ಬನೇಟ್ ಸೂಚಿಸಿದರು. ಪೊಟ್ಯಾಷಿಗೆ ಅಮೋನಿಯಂ ಅಸಿಟೇಟ್, ಬೋರಾನಿಗೆ ಬಿಸಿನೀರು, ಸತು–ಕಬ್ಬಿಣಗಳಿಗೆ ಡಿ.ಟಿ.ಪಿ.ಎ. ಎಂಬ ರಾಸಾಯನಿಕ. ಸಾರಜನಕಕ್ಕೆ ನಮ್ಮ ದೇಶದವರೇ ಆದ ಸುಬ್ಬಯ್ಯ ಮತ್ತು ಆಸಿಜಾ 1956ರಲ್ಲಿ ರೂಪಿಸಿದ ಪರ್ಮಾಂಗನೇಟ್ ವಿಧಾನ ಇಂದಿಗೂ ನಡೆಯುತ್ತಿದೆ. ಸತುವಿನ ಗಡಿ ಹತ್ತು ಲಕ್ಷಕ್ಕೆ 0.6 ಭಾಗ. ಒಂದೆಕರೆಯ ಅರ್ಧ ಅಡಿ ಮಣ್ಣು ಸುಮಾರು ಒಂಬತ್ತು ಲಕ್ಷ ಕಿಲೋ ತೂಗುತ್ತದೆ; ಅದರಲ್ಲಿ ಬೇರಿಗೆ ಸಿಗುವ ಸತು ಅರ್ಧ ಕಿಲೋ ಇದ್ದರೆ ಭತ್ತ ನೆಟ್ಟಗೆ ನಿಲ್ಲುತ್ತದೆ, ಅದಕ್ಕೂ ಇಳಿದರೆ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಮೂಡುತ್ತದೆ.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಮಣ್ಣು ಪರೀಕ್ಷೆಗೆ ಬಂದ ಮಾದರಿಯನ್ನು ಮೊದಲು ಎರಡು ಮಿಲಿಮೀಟರ್ ಕಣ್ಣಿನ ಜರಡಿ ಹಿಡಿಯುತ್ತಾರೆ. ಜರಡಿಯ ಮೇಲೆ ಉಳಿದ ಹರಳನ್ನು ಚೆಲ್ಲುತ್ತಾರೆ. ಕೆಳಗೆ ಬಿದ್ದ ನುಣ್ಣನೆಯ ಮಣ್ಣನ್ನಷ್ಟೇ ಪರೀಕ್ಷಿಸುತ್ತಾರೆ. ರಸಾಯನ ಶಾಸ್ತ್ರದ ಮಟ್ಟಿಗೆ ಇದು ಸರಿಯಾದ ಕ್ರಮ. ಆದರೆ ರೈತರಿಗೆ ಕೊಡುವ ಫಲಿತಾಂಶದ ಚೀಟಿಯಲ್ಲಿ ‘ಹೆಕ್ಟೇರಿಗೆ ಇಷ್ಟು ಕಿಲೋ’ ಎಂದು ಬರೆಯುವಾಗ ಹೊಲವಿಡೀ ನುಣ್ಣನೆಯ ಮಣ್ಣೇ ಇದೆ ಎಂದು ಎಣಿಸಿದಂತಾಗುತ್ತದೆ. ಗಾತ್ರದಲ್ಲಿ ಅರ್ಧದಷ್ಟು ಹರಳಿರುವ ದಿಣ್ಣೆಯ ಹೊಲಕ್ಕೂ, ಹರಳೇ ಇಲ್ಲದ ತಗ್ಗಿನ ಹೊಲಕ್ಕೂ ಚೀಟಿಯಲ್ಲಿ ಪೊಟ್ಯಾಷ್ ‘ಮಧ್ಯಮ’ ಎಂದು ಬಂದಿರಬಹುದು. ಬೇರಿನ ಪಾಲಿಗೆ ಮೊದಲ ಹೊಲದಲ್ಲಿರುವುದು ಎರಡನೆಯದರ ಅರ್ಧ. ನೀರಿನ ಲೆಕ್ಕದಲ್ಲಿ ಕಲ್ಲಿನ ಪಾಲನ್ನು ಕಳೆದ ಹಾಗೆಯೇ ಪೋಷಕಾಂಶದ ಲೆಕ್ಕದಲ್ಲೂ ಕಳೆಯಲೇಬೇಕು. ಹರಳು ಮತ್ತು ಆಳ ಗೊತ್ತಿಲ್ಲದ ಚೀಟಿ ಅರ್ಧ ಚೀಟಿ.

ಇನ್ನೊಂದು ಕಾರಣವೂ ಇದೆ. ಪೋಷಕಾಂಶ ಬೇರಿನ ಬಳಿಗೆ ಬರುವುದು ನೀರಿನ ದಾರಿಯಲ್ಲಿ. ಅಮೆರಿಕದ ಸ್ಟ್ಯಾನ್ಲಿ ಬಾರ್ಬರ್ 1960ರ ದಶಕದಲ್ಲಿ ವಿವರಿಸಿದಂತೆ, ನೈಟ್ರೇಟು, ಗಂಧಕ, ಕ್ಯಾಲ್ಸಿಯಂಗಳು ಬೇರು ಹೀರುವ ನೀರಿನ ಜೊತೆಗೆ ಹರಿದು ಬರುತ್ತವೆ. ರಂಜಕ ಮತ್ತು ಪೊಟ್ಯಾಷ್ ಹಾಗೆ ಹರಿಯುವುದು ಬಹಳ ಕಡಿಮೆ. ಕಣಗಳ ಸುತ್ತಲಿನ ನೀರಿನ ಪೊರೆಯಲ್ಲಿ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ನಿಧಾನವಾಗಿ ಸರಿಯುತ್ತವೆ. ರಂಜಕ ಒಂದು ಬೆಳೆಯ ಅವಧಿಯಲ್ಲಿ ಹೀಗೆ ಸರಿಯುವುದು ಕೆಲವೇ ಮಿಲಿಮೀಟರ್. ಮಣ್ಣು ಒಣಗಿದಾಗ ಪೊರೆ ತೆಳುವಾಗುತ್ತದೆ, ದಾರಿ ಅಂಕುಡೊಂಕಾಗುತ್ತದೆ, ಸರಿಯುವುದು ಇನ್ನೂ ನಿಧಾನವಾಗುತ್ತದೆ. ಸಾಕಷ್ಟು ಗೊಬ್ಬರ ಹಾಕಿದ ಹೊಲದಲ್ಲೂ ಒಣದಿನಗಳಲ್ಲಿ ಪೈರು ಹಸಿವಿನ ಲಕ್ಷಣ ತೋರಿಸುವುದು ಇದಕ್ಕೇ. ದಿಣ್ಣೆಯ ಹೊಲ ನಾಲ್ಕೈದು ದಿನಕ್ಕೆ ಒಣಗುತ್ತದೆ ಎಂದರೆ ಅಲ್ಲಿ ಪೋಷಕಾಂಶದ ಬಾಗಿಲೂ ಅಷ್ಟೇ ಬೇಗ ಮುಚ್ಚುತ್ತದೆ. ನೀರಿನ ನಕಾಶೆ, ಪೋಷಕಾಂಶದ ನಕಾಶೆ ಎಂದು ಎರಡು ಬೇರೆ ಬೇರೆ ಹಾಳೆ ಮಾಡುವುದು ಆಡಳಿತಕ್ಕೆ ಅನುಕೂಲ. ಬೇರಿಗೆ ಅದು ಒಂದೇ ಹಾಳೆ.

ಕರ್ನಾಟಕದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲೇ ನಡೆದಿದೆ. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆಯವರು ರಾಜ್ಯದ ಮಣ್ಣಿನ ನಕಾಶೆಯನ್ನು 1998ರಲ್ಲಿ ಹೊರತಂದರು. ಅದರ ಅಳತೆ 1:2,50,000. ಒಂದು ಸೆಂಟಿಮೀಟರಿನಲ್ಲಿ ಎರಡೂವರೆ ಕಿಲೋಮೀಟರ್ ಅಡಗುತ್ತದೆ. ತಾಲ್ಲೂಕಿನ ಸ್ವರೂಪ ತಿಳಿಯುತ್ತದೆ, ಹೊಲ ಕಾಣುವುದಿಲ್ಲ. 2009ರಲ್ಲಿ ಕೃಷಿ ಇಲಾಖೆ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಭೂಚೇತನ ಯೋಜನೆ ಶುರುಮಾಡಿತು. ಹಳ್ಳಿ ಹಳ್ಳಿಯಿಂದ ಮಣ್ಣು ತರಿಸಿ ನೋಡಿದಾಗ, ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಗಂಧಕ, ಸತು, ಬೋರಾನ್ ಕೊರತೆ ಒಣಭೂಮಿಯಲ್ಲಿ ವ್ಯಾಪಕವಾಗಿರುವುದು ಎದ್ದು ಕಂಡಿತು. ಯೂರಿಯಾ ಮತ್ತು ಡಿ.ಎ.ಪಿ.ಯನ್ನೇ ಗೊಬ್ಬರ ಎಂದು ನಂಬಿದ್ದ ಕಾಲಕ್ಕೆ ಅದು ಬೇಕಾಗಿದ್ದ ತಿದ್ದುಪಡಿ. 2015ರ ಫೆಬ್ರುವರಿ 19ರಂದು ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಚೀಟಿ ಬಂತು. ಅದರಲ್ಲಿ ಹನ್ನೆರಡು ಗುಣಗಳು: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಹನ್ನೆರಡರಲ್ಲಿ ನೀರು ಹಿಡಿಯುವ ಶಕ್ತಿ ಇಲ್ಲ, ಆಳ ಇಲ್ಲ, ಹರಳಿನ ಪಾಲು ಇಲ್ಲ. ಮಾದರಿ ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು, ಖುಷ್ಕಿಯಲ್ಲಿ ಹತ್ತು ಹೆಕ್ಟೇರಿಗೆ ಒಂದು. ಹತ್ತು ಹೆಕ್ಟೇರ್ ಎಂದರೆ 25 ಎಕರೆ. ಕೆ.ಆರ್. ಪೇಟೆಯಂಥ ಕಡೆ 25 ಎಕರೆಯಲ್ಲಿ ದಿಣ್ಣೆಯ ನೆತ್ತಿಯೂ ಇರುತ್ತದೆ, ತಗ್ಗೂ ಇರುತ್ತದೆ, ಹತ್ತಾರು ಮನೆಯವರ ಹಿಡುವಳಿಯೂ ಇರುತ್ತದೆ.

ಈ ಕೊರತೆಯನ್ನು ತುಂಬಿದ್ದು ಸುಜಲ ಜಲಾನಯನ ಯೋಜನೆಯ ಮೂರನೆಯ ಹಂತ. ವಿಶ್ವಬ್ಯಾಂಕಿನ ನೆರವಿನಲ್ಲಿ 2013ರಿಂದ 2019ರವರೆಗೆ ಹನ್ನೊಂದು ಜಿಲ್ಲೆಗಳಲ್ಲಿ ನಡೆದ ಈ ಯೋಜನೆಯಲ್ಲಿ ನಮ್ಮ ನೆರೆಯ ತುಮಕೂರು, ಚಾಮರಾಜನಗರ ಇದ್ದವು. ಮಣ್ಣು ಸಮೀಕ್ಷಾ ಸಂಸ್ಥೆಯೂ ರಾಜ್ಯದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಗಳೂ ಸೇರಿ ಕಿರು ಜಲಾನಯನಗಳ ಭೂ ಸಂಪನ್ಮೂಲ ಸಮೀಕ್ಷೆ ಮಾಡಿದವು. ಅವರು ಆಧಾರವಾಗಿ ಇಟ್ಟುಕೊಂಡದ್ದು ಬ್ರಿಟಿಷರ ಕಾಲದ ಅದೇ ಎಂಟು ಅಂಗುಲದ ಗ್ರಾಮ ನಕಾಶೆಯನ್ನು, ಅಂದರೆ 1:7,920 ಅಳತೆಯದನ್ನು. ಅದರ ಮೇಲೆ ಉಪಗ್ರಹ ಚಿತ್ರ ಹೊಂದಿಸಿ, ಇಳಿಜಾರಿನ ಉದ್ದಕ್ಕೂ ಗುಂಡಿ ತೋಡಿ, ಆಳ, ಹರಳು, ನೀರು ಹಿಡಿಯುವ ಶಕ್ತಿಗಳನ್ನು ಸರ್ವೆ ನಂಬರಿನ ಗಡಿಯೊಳಗೆ ಬರೆದರು. ಪೋಷಕಾಂಶಕ್ಕೆ 320 ಮೀಟರಿಗೆ ಒಂದರಂತೆ ಚೌಕುಳಿಯಲ್ಲಿ ಮಾದರಿ ತೆಗೆದರು. ಕಂದಾಯದ ಸರ್ವೆಯವರು ಆಣೆಯಲ್ಲಿ ಬರೆದದ್ದನ್ನು ಇವರು ಮಿಲಿಮೀಟರಿನಲ್ಲಿ ಬರೆದರು. ಮಣ್ಣಿನ ವಿಜ್ಞಾನದಲ್ಲಿ ನಮ್ಮ ರಾಜ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಮಾದರಿ ತೆಗೆಯದ ಜಾಗಕ್ಕೆ ಬಣ್ಣ ತುಂಬುವುದು ಹೇಗೆ? ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಕೆಲವೇ ಕೊರೆತಗಳಿಂದ ಅದಿರನ್ನು ಅಂದಾಜು ಮಾಡಲು ಡ್ಯಾನಿ ಕ್ರೀಗೆ ಎಂಬ ಎಂಜಿನಿಯರ್ 1951ರಲ್ಲಿ ಒಂದು ದಾರಿ ತೋರಿಸಿದರು. ಫ್ರಾನ್ಸಿನ ಜಾರ್ಜ್ ಮಾಥೆರಾನ್ ಅದಕ್ಕೆ ಗಣಿತದ ಅಡಿಪಾಯ ಹಾಕಿ ‘ಕ್ರೀಗಿಂಗ್’ ಎಂದು ಕರೆದರು. ಹತ್ತಿರದ ಎರಡು ಜಾಗಗಳು ಹೋಲುತ್ತವೆ, ದೂರ ಹೋದಂತೆ ಹೋಲಿಕೆ ಕರಗುತ್ತದೆ. ಎಷ್ಟು ದೂರಕ್ಕೆ ಕರಗುತ್ತದೆ ಎಂಬುದನ್ನು ಮೊದಲು ಮಾದರಿಗಳಿಂದಲೇ ಅಳೆದು, ಅದಕ್ಕೆ ತಕ್ಕ ತೂಕ ಕೊಟ್ಟು ನಡುವಿನ ಜಾಗವನ್ನು ಊಹಿಸುವುದು. ಈ ಲೆಕ್ಕದ ದೊಡ್ಡಗುಣವೆಂದರೆ, ಊಹೆ ಎಷ್ಟು ತಪ್ಪಿರಬಹುದು ಎಂಬುದನ್ನೂ ಅದು ಹೇಳುತ್ತದೆ. ತಿಪ್ಪೆಗೊಬ್ಬರ ಮನೆಯ ಹತ್ತಿರದ ಹೊಲಕ್ಕೆ ಹೆಚ್ಚು ಬೀಳುವ, ದೂರದ ಹೊಲಕ್ಕೆ ಬೀಳದೇ ಇರುವ ನಮ್ಮ ಊರುಗಳಲ್ಲಿ ರಂಜಕದ ಹೋಲಿಕೆ ಒಂದು ಬದುವಿನಾಚೆಗೇ ಮುರಿಯಬಹುದು. ಆಳ ಹಾಗೆ ದಿಢೀರನೆ ಬದಲಾಗುವುದಿಲ್ಲ, ಅದು ಇಳಿಜಾರಿನ ಜೊತೆ ನಡೆಯುತ್ತದೆ. ಆದ್ದರಿಂದ ನೀರಿನ ನಕಾಶೆಯನ್ನು ಒಮ್ಮೆ ಚೆನ್ನಾಗಿ ಮಾಡಿದರೆ ತಲೆಮಾರುಗಟ್ಟಲೆ ಬಾಳುತ್ತದೆ. ಪೋಷಕಾಂಶದ್ದನ್ನು ಮೂರ್ನಾಲ್ಕು ವರ್ಷಕ್ಕೊಮ್ಮೆ ಹೊಸದಾಗಿ ಮಾಡಬೇಕು.

ಕಾಲುವೆಯ ಕೆಳಗಿನ ನೆಲದಲ್ಲಿ ಲೆಕ್ಕ ತಿರುವುಮುರುವು. ಶ್ರೀರಂಗಪಟ್ಟಣದ ಬಂಗಾರದೊಡ್ಡಿ, ಚಿಕ್ಕದೇವರಾಯಸಾಗರ ನಾಲೆಗಳಿಂದ ಹಿಡಿದು ವಿಶ್ವೇಶ್ವರಯ್ಯ ನಾಲೆಯವರೆಗೆ, ಕೆ.ಆರ್. ಪೇಟೆಯಲ್ಲಿ ಮಂದಗೆರೆ, ಹೇಮಗಿರಿಯ ಒಡ್ಡುಗಳಿಂದ ಹಿಡಿದು ಗೊರೂರಿನಿಂದ ಬರುವ ಹೇಮಾವತಿ ಎಡದಂಡೆ ನಾಲೆಯವರೆಗೆ, ನೀರು ತಲುಪಿದ ಕಡೆಯೆಲ್ಲ ಭತ್ತ, ಕಬ್ಬು. ಅಲ್ಲಿ ಬೇರಿಗೆ ಬೇಕಾದದ್ದು ಗಾಳಿ. ಸಂದುಗಳೆಲ್ಲ ಸದಾ ನೀರು ತುಂಬಿದ್ದರೆ ಕಬ್ಬಿನ ಬೇರು ಉಸಿರುಕಟ್ಟುತ್ತದೆ. ತಗ್ಗಿನಲ್ಲಿ ನೀರಿನ ಮಟ್ಟ ಮೇಲೆದ್ದು ಆವಿಯಾಗಿ ಹೋಗುವಾಗ ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ, ನೆಲ ಚೌಳಾಗುತ್ತದೆ. ಉಪ್ಪೂ ನೀರನ್ನು ಹಿಡಿದಿಡುತ್ತದೆ. ಹಾಗಾಗಿ ಚೌಳು ನೆಲದಲ್ಲಿ ಕಾಲು ಹೂತುಹೋಗುವಷ್ಟು ತೇವವಿದ್ದರೂ ಬೆಳೆ ಬಾಯಾರಿ ಬಾಡುವುದುಂಟು. ಲವಣಾಂಶ ಮೀಟರಿಗೆ ನಾಲ್ಕು ಡೆಸಿಸೀಮನ್ ದಾಟಿದರೆ ಆ ನೆಲವನ್ನು ಲವಣಯುಕ್ತ ಎಂದು ಗುರುತಿಸುತ್ತಾರೆ. ನೀರು ನಿಂತ ಗದ್ದೆಯಲ್ಲಿ ಕಬ್ಬಿಣ, ರಂಜಕ ಸಡಿಲವಾಗಿ ಸಿಗುತ್ತವೆ, ಸತು ಸಿಗದಾಗುತ್ತದೆ. ಇಲ್ಲಿ ಬೇಕಾದ ನಕಾಶೆ ಬಸಿಗಾಲುವೆ ಎಲ್ಲಿ ತೋಡಬೇಕು ಎಂದು ಹೇಳುವಂಥದ್ದು.

ಆಕಾಶದಿಂದ ಇದನ್ನೆಲ್ಲ ನೋಡಬಹುದೇ ಎಂದು ಕೇಳುವವರಿದ್ದಾರೆ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ನಿಸಾರ್ ಉಪಗ್ರಹದ ರೇಡಾರ್ ಮಣ್ಣಿನ ತೇವವನ್ನು ಕಾಣಬಲ್ಲದು. ಆದರೆ ಇಂಥ ಸೂಕ್ಷ್ಮತರಂಗಗಳ ನೋಟ ಮೇಲಿನ ಐದಾರು ಸೆಂಟಿಮೀಟರ್ ಮಣ್ಣಿಗೆ ನಿಲ್ಲುತ್ತದೆ. ಗುಂಡ್ಲುಪೇಟೆ ಬಳಿಯ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧಕರು ಈ ಮಿತಿಯನ್ನು ದಾಟಲು ಮಾಡಿದ ಕೆಲಸ ಸೊಗಸಾದದ್ದು. ಎಲೆಯ ಹರವು ದಿನದಿಂದ ದಿನಕ್ಕೆ ಹೇಗೆ ಬೆಳೆಯಿತು, ಮೇಲ್ಮಣ್ಣಿನ ತೇವ ಹೇಗೆ ಏರಿಳಿಯಿತು ಎಂಬುದನ್ನು ಅಳೆದು, ಬೆಳೆಯ ಗಣಿತ ಮಾದರಿಯಲ್ಲಿ ಹಿಮ್ಮುಖವಾಗಿ ಲೆಕ್ಕ ಹಾಕಿದರು: ಈ ಪೈರು ಹೀಗೆ ಬೆಳೆಯಬೇಕಿದ್ದರೆ ಕಾಣದ ಆಳದಲ್ಲಿ ಎಷ್ಟು ನೀರು ಹಿಡಿಯುವ ಮಣ್ಣು ಇದ್ದಿರಬೇಕು? ಬೆಳೆಯೇ ಮಣ್ಣನ್ನು ಅಳೆದು ಕೊಡುತ್ತದೆ. ಒಣಗಿದ ವರ್ಷದಲ್ಲಿ ಈ ಲೆಕ್ಕ ಹೆಚ್ಚು ನಂಬಿಕೆಗೆ ಅರ್ಹ, ಯಾಕೆಂದರೆ ಮಳೆ ಧಾರಾಳವಿದ್ದಾಗ ತೆಳುಮಣ್ಣೂ ಆಳಮಣ್ಣೂ ಒಂದೇ ಥರ ಹಸುರಾಗಿರುತ್ತವೆ.

ಇಷ್ಟೆಲ್ಲದರಿಂದ ಒಂದು ರಾಗಿ ಹೊಲಕ್ಕೆ ಆಗುವ ಪ್ರಯೋಜನ ಏನು? ಸಿ.ಎಚ್. ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಆಫ್ರಿಕಾದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಕಾಲದಿಂದ ನಮಗೆ ಅವಧಿಗೊಂದು ತಳಿ ಇದೆ. ಎಂ.ಆರ್.-6 ಮಾಗಲು ನಾಲ್ಕು ತಿಂಗಳು ಬೇಕು, ಜಿ.ಪಿ.ಯು.-28ಕ್ಕೆ ಅದಕ್ಕಿಂತ ಕಡಿಮೆ, ಜಿ.ಪಿ.ಯು.-48 ನೂರು ದಿನದ ಆಸುಪಾಸು. ಯಾವುದನ್ನು ಬಿತ್ತಬೇಕು ಎಂಬ ಸಲಹೆ ಸಾಮಾನ್ಯವಾಗಿ ಬಿತ್ತನೆಯ ತಿಂಗಳನ್ನು ನೋಡಿ ಬರುತ್ತದೆ. ಆಳವನ್ನೂ ನೋಡಿ ಬರಬೇಕು. ಮೂವತ್ತು ದಿನದ ದಾಸ್ತಾನಿರುವ ಹೊಲಕ್ಕೆ ದೀರ್ಘಾವಧಿ ತಳಿ ಒಗ್ಗುತ್ತದೆ. ಎಂಟು ದಿನದ ಹೊಲಕ್ಕೆ ಸಣ್ಣ ಅವಧಿಯದೇ ಸರಿ, ಗೊಬ್ಬರವನ್ನೂ ಒಂದೇ ಸಲ ಸುರಿಯದೆ ಮಳೆ ನೋಡಿಕೊಂಡು ಕಂತಿನಲ್ಲಿ ಕೊಡಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಪಂಚಾಯಿತಿಯ ಮಳೆ ಗೊತ್ತಿದ್ದು, ಹೊಲದ ದಾಸ್ತಾನು ಗೊತ್ತಿದ್ದರೆ, ಬಂದದ್ದು ಎಷ್ಟು, ಖರ್ಚಾದದ್ದು ಎಷ್ಟು ಎಂದು ದಿನದಿನದ ಬಾಕಿ ತೆಗೆಯುವುದು ಕೂಡು–ಕಳೆಯುವ ಲೆಕ್ಕ. ಅಮೆರಿಕದ ಥಾರ್ನ್‌ತ್‌ವೈಟ್ 1948ರಲ್ಲೇ ಇಂಥ ಲೆಕ್ಕದ ದಾರಿ ಹಾಕಿಕೊಟ್ಟಿದ್ದರು. ಎರಡು ಮಾಹಿತಿಯೂ ಸರ್ಕಾರದ ಬಳಿಯೇ ಇರುವ ಕಡೆ ಅವನ್ನು ಜೋಡಿಸಿ ರೈತರ ಫೋನಿಗೆ ಕಳಿಸುವುದು ಆಗಲೇಬೇಕಾದ ಕೆಲಸ.

ತೆಂಗಿನ ವಿಷಯದಲ್ಲಿ ಮಣ್ಣು ಪರೀಕ್ಷೆಗೆ ತೆಗೆಯುವ ಅರ್ಧ ಅಡಿಯ ಮಾದರಿ ಇನ್ನೂ ಕಡಿಮೆ ಹೇಳುತ್ತದೆ. ತೆಂಗಿನ ಬಹುಪಾಲು ಬೇರು ಬುಡದಿಂದ ಎರಡು ಮೀಟರ್ ಒಳಗೆ, ಒಂದಡಿಯಿಂದ ನಾಲ್ಕಡಿ ಆಳದಲ್ಲಿರುತ್ತದೆ. ಮೇಲಿನ ಅರ್ಧ ಅಡಿ ಕೆದಕಿ ತಂದ ಮಣ್ಣು ಹುಲ್ಲಿನ ಊಟವನ್ನು ಹೇಳುತ್ತದೆಯೇ ಹೊರತು ಮರದ್ದನ್ನಲ್ಲ. ತೋಟದಲ್ಲಿ ಮೇಲಿನ ಒಂದಡಿ, ಅದರ ಕೆಳಗಿನ ಒಂದಡಿ ಎಂದು ಎರಡು ಮಾದರಿ ತೆಗೆದು ಬೇರೆ ಬೇರೆ ಚೀಲದಲ್ಲಿ ಕೊಡಬೇಕು.

ದಾಸ್ತಾನು ಹೆಚ್ಚಿಸುವ ಉಪಾಯವೂ ಊರಿನಲ್ಲೇ ಇತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು, ಅಂದರೆ ಕೆರೆಯ ತಳದ ಹೂಳು, ಹೊಡೆದು ದಿಣ್ಣೆಯ ಹೊಲಕ್ಕೆ ಹರಡುತ್ತಿದ್ದರು. ಮಳೆ ದಿಣ್ಣೆಯಿಂದ ಕೆಳಕ್ಕೆ ಒಯ್ದ ಜೇಡಿಯನ್ನೂ ಸತ್ವವನ್ನೂ ಗಾಡಿಯಲ್ಲಿ ಮರಳಿ ಮೇಲಕ್ಕೆ ತರುವ ಕೆಲಸ ಅದು. ಎಕರೆಗೆ ಒಂದು ಸೆಂಟಿಮೀಟರ್ ದಪ್ಪ ಹರಡಲು ಸುಮಾರು 40 ಘನ ಮೀಟರ್ ಗೋಡು ಬೇಕು. ಮರಳು ಹೆಚ್ಚಿರುವ ಹೊಲಕ್ಕೆ ಒಳ್ಳೆಯದು. ಈಗಾಗಲೇ ಜೇಡಿ ಇರುವ ತಗ್ಗಿಗೆ ಬೇಡ. ಕಾರ್ಖಾನೆಯ ಅಥವಾ ಪಟ್ಟಣದ ಕೊಳಚೆ ಸೇರುವ ಕೆರೆಯದಾದರೆ ಪರೀಕ್ಷೆ ಮಾಡಿಸದೆ ಮುಟ್ಟಬಾರದು.

ನಕಾಶೆ ಇನ್ನೂ ತಲುಪದ ಊರಿನವರು ಕಾಯಬೇಕಾಗಿಲ್ಲ. ರಾಗಿ ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮೊದಲು, ಹೊಲದ ಏಳೆಂಟು ಕಡೆ ಅಂಕುಡೊಂಕಾಗಿ ನಡೆದು, ಬದು, ಮರದ ನೆರಳು, ತಿಪ್ಪೆಯ ಜಾಗ ಬಿಟ್ಟು, ಅರ್ಧ ಅಡಿ ಆಳದ ಸೀಳಿನಿಂದ ಮಣ್ಣು ತೆಗೆಯಿರಿ. ಪ್ಲಾಸ್ಟಿಕ್ ಬಕೆಟ್ಟೇ ಆಗಲಿ. ಸತು ಲೇಪಿಸಿದ ತಗಡಿನ ಬಕೆಟ್ಟಿನಲ್ಲಿ ಬೆರೆಸಿದರೆ ಬಕೆಟ್ಟಿನ ಸತುವೇ ಚೀಟಿಗೆ ಏರುತ್ತದೆ. ನೆರಳಿನಲ್ಲಿ ಒಣಗಿಸಿ ಅರ್ಧ ಕಿಲೋ ಉಳಿಸಿಕೊಳ್ಳಿ. ಜರಡಿ ಹಿಡಿದು ಮೇಲೆ ಉಳಿದ ಹರಳನ್ನು ತೂಗಿ, ನೂರಕ್ಕೆ ಎಷ್ಟು ಎಂದು ಬರೆದುಕೊಳ್ಳಿ. ಆಮೇಲೆ ಹೊಲದ ನೆತ್ತಿಯಲ್ಲೊಂದು, ತಗ್ಗಿನಲ್ಲೊಂದು ಗುಂಡಿ ತೋಡಿ. ತೆಂಗಿನ ಸಸಿಗೆ ತೋಡುವಷ್ಟು, ಮೂರಡಿ ಸಾಕು. ಹಾರೆ ಗರಸಿಗೆ ತಾಗಿ ಸದ್ದು ಬದಲಾಗುವ ಆಳವನ್ನೂ, ರಾಗಿಯ ಬೇರು ನಿಂತ ಆಳವನ್ನೂ ಟೇಪಿನಲ್ಲಿ ಅಳೆದು, ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣಿನ ಚೀಲ ಕೊಡುವಾಗ ಹರಳಿನ ಪಾಲಿನೊಂದಿಗೆ ಈ ಅಳತೆಗಳನ್ನೂ ಜೊತೆಗೆ ಕೊಡಿ.